ಕೆರೆಯ ಮೀನು, ಹೊಳೆಯ ಮೀನು

28 ಅಕ್ಟೋಬರ್ 1956, ರವಿವಾರ

ಮಗಳು ಹನಮಂತವ್ವ ಬಂದಳು. ಅಳಿಯ ಯಮನೂರಪ್ಪ ಬೆಟಗೇರಿಯಿಂದ ಬಸ್ಸಿನಲ್ಲಿ ಕರೆತಂದು, ಒಂದು ಲೋಟ ಚಹಾ ಕುಡಿದು, ಅದೇ ಬಸ್ಸು ಹಿಂದಿರುಗುವಾಗ ಹತ್ತಿ ಹೋದ. ಹತ್ತಿ ಜಿನ್ನಿನ ಗಿರಣಿಯಲ್ಲಿ ಅವನಿಗೆ ರಜೆ ಇಲ್ಲವಂತೆ. ಹನಮಂತವ್ವನಿಗೆ ಈಗ ಆರು ತಿಂಗಳು ತುಂಬಿ ಏಳರಲ್ಲಿ ಬಿದ್ದಿದೆ. ಹೋದ ವರ್ಷದ್ದು ಮೂರನೇ ತಿಂಗಳಿಗೇ ಹೋಗಿಬಿಟ್ಟಿತ್ತು. ಅದಕ್ಕೇ ಈ ಸಲ ಎರಡೂ ಮನೆಯವರು ಜೀವ ಅಂಗೈಯಲ್ಲಿ ಹಿಡಿದುಕೊಂಡಿದ್ದೇವೆ.

ಬೀಗತಿ ಕರಿಯವ್ವ ಮೊದಲೇ ಹೇಳಿ ಕಳಿಸಿದ್ದಳು, ದವಾಖಾನೆ ಹತ್ತಿರ ಇದೆ, ಹೆರಿಗೆ ಬೆಟಗೇರಿಯಲ್ಲೇ ಆಗಲಿ ಎಂದು. ಅಷ್ಟಕ್ಕೆ ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ‘ಹೆಂಗಸಿಲ್ಲದ ಮನೆ’ ಎಂದೂ ಅಂದಳಂತೆ. ನನಗೆ ಮೈಯೆಲ್ಲ ಉರಿಯಿತು. ಚೊಚ್ಚಲ ಹೆರಿಗೆ ತವರಿನ ಹಕ್ಕು. ತಾಯಿ ಇಲ್ಲದಿದ್ದರೆ ತಂದೆ ಇಲ್ಲವೇ? ಈ ಹುಡುಗಿಗೆ ಜಡೆ ಹೆಣೆದವನೂ ನಾನೇ, ರೊಟ್ಟಿ ಬಡಿಯುವುದನ್ನು ಕಲಿಸಿದವನೂ ನಾನೇ. ಕಳಿಸದಿದ್ದರೆ ನಾನೇ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದೆ. ಕಳಿಸಿದರು.

ಹೆಂಡತಿ ದುರಗವ್ವ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನ್ನ ಮಾತಿಗೆ ಎದುರುಮಾತು ಇಲ್ಲ. ಮಾತೇ ಇಲ್ಲ ಎಂದರೂ ಆದೀತು. ಅದಕ್ಕೇ ಈ ಬರೆಯುವ ಚಟ ಹತ್ತಿಕೊಂಡಿತು. ಡಂಬಳದ ಅಂಬಿಗರ ಓಣಿಯಲ್ಲಿ ದಿನಚರಿ ಬರೆಯುವ ಮೀನುಗಾರ ನಾನೊಬ್ಬನೇ ಎಂದು ತಮ್ಮ ತಿರಕಪ್ಪ ನಗುತ್ತಾನೆ. ನಗಲಿ. ಇವತ್ತು ಒಲೆಯ ಮುಂದೆ ಇಬ್ಬರು ಕೂತು ಉಂಡೆವು.

1 ನವೆಂಬರ್ 1956, ಗುರುವಾರ

ಇವತ್ತಿನಿಂದ ನಾವು ಮುಂಬಯಿಯವರಲ್ಲ, ಮೈಸೂರಿನವರು. ಕನ್ನಡದವರೆಲ್ಲ ಒಂದಾದೆವು ಎಂದು ಚಾವಡಿಯ ಮುಂದೆ ಭಾಷಣವಾಯಿತು, ಶಾಲೆಯ ಮಕ್ಕಳಿಗೆ ಪೇಢೆ ಹಂಚಿದರು. ನನಗೂ ಒಂದು ಸಿಕ್ಕಿತು. ಹನಮಂತವ್ವನಿಗೆಂದು ಎಲೆಯಲ್ಲಿ ಕಟ್ಟಿ ತಂದೆ.

ಅವಳು ಪೇಢೆಯನ್ನು ಬದಿಗಿಟ್ಟು ಮೀನು ಕೇಳಿದಳು. ಕೇಳಿದ್ದು ಯಾವುದನ್ನು? ಆ ಸರ್ಕಾರಿ ಮೀನನ್ನು. ಹೋದ ವರ್ಷ ಮಳೆಗಾಲದಲ್ಲಿ ಸರ್ಕಾರದವರು ಡಬ್ಬಿಗಳಲ್ಲಿ ಮರಿ ತಂದು ಕೆರೆಗೆ ಬಿಟ್ಟುಹೋದರಲ್ಲ, ಅದು. ಜನ ಜಿಲೇಬಿ ಮೀನು ಎನ್ನುತ್ತಾರೆ. ಈಗ ದಂಡೆಯ ತುಂಬ ಅದೇ. ತಿರಕಪ್ಪನ ಮನೆಯಲ್ಲಿ ದಿನಾ ಹಂಚಿನ ಮೇಲೆ ಅದೇ ಸುಡುವುದು, ವಾಸನೆ ನಮ್ಮ ಪಡಸಾಲೆಗೇ ಬರುತ್ತದೆ. ಮಗಳಿಗೆ ಆ ವಾಸನೆಗೇ ಬಯಕೆ ಹುಟ್ಟಿರಬೇಕು.

ನಾನು ಆಗುವುದಿಲ್ಲ ಎಂದೆ. ಆ ಮೀನನ್ನು ನಾನು ಬೇಸಿಗೆಯಿಂದ ನೋಡುತ್ತಿದ್ದೇನೆ. ಬೀಸುಬಲೆ ನೀರಿಗೆ ಬಿದ್ದ ಸದ್ದಾದರೆ ಸಾಕು, ಮರಿಗಳೆಲ್ಲ ತಾಯಿಯ ಕಡೆಗೆ ಓಡುತ್ತವೆ, ಅದು ಬಾಯಿ ತೆರೆದು ಗುಳುಂ ಎಂದು ನುಂಗುತ್ತದೆ. ಒಮ್ಮೆ ಕೊಯ್ದು ನೋಡಿದ್ದೆ, ಗಂಟಲಲ್ಲೇ ಮರಿಗಳಿದ್ದವು. ನಮ್ಮ ಕೊರವ ಮೀನನ್ನು ನೋಡಿ. ಕೆಂಪು ಮರಿಗಳ ಹಿಂಡಿನ ಕೆಳಗೇ ತಾನೂ ತೇಲುತ್ತದೆ, ಯಾರಾದರೂ ಕೈ ಹಾಕಿದರೆ ಹಾರಿ ಕಚ್ಚುತ್ತದೆ. ಅದು ಮೀನು. ಇದು ಹೆತ್ತದ್ದನ್ನು ತಿನ್ನುವ ಜಾತಿ. ಬಸುರಿಯ ಹೊಟ್ಟೆಗೆ ಇದನ್ನು ಹಾಕುವುದುಂಟೇ? ಅದೂ ಒಮ್ಮೆ ಕಳಕೊಂಡವಳ ಹೊಟ್ಟೆಗೆ?

ಹನಮಂತವ್ವ ಸಣ್ಣ ದನಿಯಲ್ಲಿ ಹೇಳಿದಳು: “ಅದು ನುಂಗೂದಿಲ್ಲಪ್ಪಾ. ಬಾಯಾಗ ಇಟ್ಕೊಂಡು ಕಾಯತೈತಿ. ಅರಬಿ ಒಗಿಯುವಾಗ ನಾ ನೋಡೀನಿ.”

ನನಗೆ ನಗು ಬಂತು. “ನಾ ಹುಟ್ಟಿದಾಗಿಂದ ಬಲಿ ಹಿಡದೀನಿ. ನೀ ಅರಬಿ ಒಗದು ನನಗ ಮೀನ ಕಲಸತಿಯೇನು?” ಎಂದೆ. ಅವಳೂ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು.

11 ನವೆಂಬರ್, ರವಿವಾರ

ಮುಗಿದಿರಲಿಲ್ಲ. ಹುಡುಗಿಗೆ ಬೇರೆ ಏನೂ ಸೇರುತ್ತಿಲ್ಲ. ಕೋಳಿ ಕೊಯ್ದು ಸಾರು ಮಾಡಿದೆ, ಎರಡು ತುತ್ತಿಗೆ ಎದ್ದಳು. ಒಣಮೀನು ಹುರಿದರೆ ಹಿತ್ತಲಿಗೆ ಓಡಿದಳು. ಕೆರೆ ತುಂಬಿ ತುಳುಕುತ್ತಿದೆ, ಕೊರವ ನಡುನೀರಿಗೆ ಇಳಿದುಬಿಟ್ಟಿದೆ, ಹರಿಗೋಲು ಹಾಕಿ ದಿನವಿಡೀ ತಿರುಗಿದರೂ ಬಲೆಗೆ ಬೀಳುವುದು ಸರ್ಕಾರಿ ಮೀನೇ. ಬಿದ್ದದ್ದನ್ನೆಲ್ಲ ತಿರಕಪ್ಪನ ಬುಟ್ಟಿಗೆ ಸುರಿದು ಬರುತ್ತೇನೆ. ಅವನು ಸಂತೆಗೆ ಒಯ್ಯುತ್ತಾನೆ.

ಸೂಲಗಿತ್ತಿ ಮಾಸುಮಬಿ ನೋಡಲು ಬಂದಿದ್ದಳು. ಹನಮಂತವ್ವನನ್ನೂ ಹೊರಗೆ ತೆಗೆದವಳು ಅವಳೇ. ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ನನ್ನನ್ನು ಹೊರಗೆ ಕರೆದಳು. “ತಮ್ಮಾ, ಮೈಯಾಗ ರಗತ ಇಲ್ಲ. ಬಾಯಿ ಬೇಡಿದ್ದು ಕೊಡು. ಬಯಕಿ ಉಳದ್ರ ಕೂಸಿನ ಕಿವಿ ಸೋರತಾವ” ಎಂದಳು. ಅದೊಂದು ಬಿಟ್ಟು ಏನು ಬೇಕಾದರೂ ತರುತ್ತೇನೆ ಎಂದೆ. ಅದೊಂದೇ ಬೇಕಂತೆ ಎಂದಳು. ನಿನಗೆ ಹೆರಿಗೆ ಗೊತ್ತು, ನನಗೆ ಮೀನು ಗೊತ್ತು ಎಂದು ಕಳಿಸಿದೆ.

26 ನವೆಂಬರ್, ಸೋಮವಾರ

ಇವತ್ತು ಬಲೆ ಒಣಹಾಕಿ ಮನೆಗೆ ಬರುವಾಗ ತಿರಕಪ್ಪನ ಹೆಂಡತಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದು ಹೋದದ್ದು ಕಂಡಿತು. ಒಳಗೆ ಹನಮಂತವ್ವ ತಟ್ಟೆಯ ಮುಂದೆ ಕೂತಿದ್ದಳು. ರೊಟ್ಟಿಯ ಮೇಲೆ ಹಂಚಿನಲ್ಲಿ ಸುಟ್ಟ ಜಿಲೇಬಿ ಮೀನು, ಮೇಲೆ ಕೆಂಪು ಚಟ್ನಿ. ಇನ್ನೂ ಮುರಿದಿರಲಿಲ್ಲ. ನಾನು ತಟ್ಟೆ ಎತ್ತಿಕೊಂಡು ಹೋಗಿ ನಾಯಿಗೆ ಹಾಕಿದೆ.

ಬೈಯಲಿಲ್ಲ. ಬೈಯದೆ ಇದ್ದದ್ದು ದೊಡ್ಡ ಮಾತು ಎಂದುಕೊಂಡೆ.

9 ಡಿಸೆಂಬರ್, ರವಿವಾರ

ಹನಮಂತವ್ವ ಈಗ ಆ ಮೀನಿನ ಹೆಸರು ಎತ್ತುವುದಿಲ್ಲ. ಬಯಕೆ ಇಳಿಯಿತು, ಒಳ್ಳೆಯದಾಯಿತು. ಕೊಟ್ಟದ್ದನ್ನು ಉಣ್ಣುತ್ತಾಳೆ. ಮಾತೂ ಕಡಿಮೆ. ದಿನ ತುಂಬುತ್ತ ಬಂದಂತೆ ಹೆಂಗಸರು ಹಾಗೇ ಇರುತ್ತಾರೇನೋ. ಹೇಳುವುದಕ್ಕೆ ಮನೆಯಲ್ಲಿ ಹೆಂಗಸರಿಲ್ಲ.

27 ಡಿಸೆಂಬರ್, ಗುರುವಾರ

ಹನಮಂತವ್ವನ ಕಾಲು ಬಾತಿವೆ. ಕೈಬಳೆ ಮಾತ್ರ ಮೊಣಕೈವರೆಗೆ ಜಾರುತ್ತವೆ. ಮಾಸುಮಬಿ ದಿನ ಬಿಟ್ಟು ದಿನ ಬರುತ್ತಾಳೆ. ಅವಳು ನನ್ನ ಜೊತೆ ಮಾತಾಡುವುದನ್ನೇ ಬಿಟ್ಟಿದ್ದಾಳೆ, ಮಗಳ ಜೊತೆ ಒಳಗೆ ಪಿಸುಪಿಸು. ನಾನು ಬಂದ ಕೂಡಲೇ ಇಬ್ಬರೂ ಸುಮ್ಮನಾಗುತ್ತಾರೆ. ನನ್ನ ಮನೆಯಲ್ಲಿ ನಾನೇ ಪರಕೀಯನಾದೆ.

ಬೆಳಿಗ್ಗೆ ಅವಳು ಕೆರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ನೀರು ನೋಡುತ್ತಿದ್ದಳು. ಏನು ನೋಡುತ್ತೀ ಎಂದೆ. ಏನಿಲ್ಲ ಎಂದಳು. ನೀರಿನಲ್ಲಿ ಬಗ್ಗಿ ನೋಡಿದರೆ ನನಗೂ ಏನೂ ಕಾಣಲಿಲ್ಲ.

ಒಂದು ವಿಚಾರ ಹೊಳೆದಿದೆ. ಕೊರ್ಲಹಳ್ಳಿಯಲ್ಲಿ ದುರಗವ್ವನ ಅಣ್ಣನ ಮಕ್ಕಳು ತುಂಗಭದ್ರೆಯಲ್ಲಿ ಗಾಳ ಹಾಕುತ್ತಾರೆ. ಹೊಳೆಯ ಬಾಳೆಮೀನು ತಂದರೆ? ಮಾಂಸ ತುಪ್ಪದ ಹಾಗಿರುತ್ತದೆ, ಮುಳ್ಳು ಕಡಿಮೆ, ರಕ್ತ ತುಂಬುತ್ತದೆ. ಹನಮಂತವ್ವನ ತಾಯಿಗೆ ಬಸುರಿನಲ್ಲಿ ಅದನ್ನೇ ತಂದುಕೊಟ್ಟಿದ್ದೆ. ಸಂಕ್ರಾಂತಿಗೆ ಹೇಗೂ ಜನ ಹೊಳೆಗೆ ಹೋಗುತ್ತಾರೆ.

12 ಜನವರಿ 1957, ಶನಿವಾರ

ನಾಳೆ ನಸುಕಿನಲ್ಲಿ ಹೊರಡುತ್ತೇನೆ. ತಿರಕಪ್ಪನ ಬಂಡಿ ಕೇಳಿದೆ. ನಮ್ಮ ಓಣಿಗೆ ಇರುವುದು ಅದೊಂದೇ. ಅವನು ತಲೆ ಕೆರೆದುಕೊಂಡು, “ಅಣ್ಣಾ, ಮನ್ಯಾಗ ಹುಡುಗಿಗೆ ದಿನ ತುಂಬಾಕತ್ತಾವ. ಬಂಡಿ ಇಲ್ಲೇ ಇರಲಿ” ಎಂದ. ದಿನ ಇನ್ನೂ ಇವೆ, ಮಾಸುಮಬಿಯೇ ಹೇಳಿದ್ದಾಳೆ ಅಮಾವಾಸ್ಯೆಯ ಹೊತ್ತಿಗೆ ಎಂದು. ರವಿವಾರ ಹೋಗಿ, ಸೋಮವಾರ ಸಂಕ್ರಾಂತಿಯ ಸ್ನಾನ ಮುಗಿಸಿ ಮೀನು ಹಾಕಿಕೊಂಡು ಹೊರಟರೆ ಮಂಗಳವಾರ ಬೆಳಗಾಗುವಷ್ಟರಲ್ಲಿ ಮನೆಯಲ್ಲಿ. ನನ್ನ ಲೆಕ್ಕ ತಪ್ಪುವುದಿಲ್ಲ ಎಂದೆ. ಕೊಡಲು ಒಪ್ಪಿದ.

ಹನಮಂತವ್ವ ಬುತ್ತಿ ಕಟ್ಟುತ್ತಿದ್ದವಳು ಒಮ್ಮೆ ಮಾತ್ರ ತಲೆ ಎತ್ತಿದಳು. “ಅಷ್ಟು ದೂರ ಯಾಕ ಹೋಗತಿ? ಕೆರಿ ಇಲ್ಲೇ ಐತಲ್ಲಪ್ಪಾ.”

ನಿನಗಾಗಿಯೇ ಹೋಗುತ್ತಿರುವುದು ಎಂದೆ. ಅವಳಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ.

19 ಜನವರಿ, ಶನಿವಾರ

ಬರೆಯಬೇಕೋ ಬೇಡವೋ ತಿಳಿಯದೆ ಇಷ್ಟು ದಿನ ಮುಟ್ಟಲಿಲ್ಲ.

ಸೋಮವಾರ ಹೊಳೆಯಲ್ಲಿ ಏನೂ ಸಿಗಲಿಲ್ಲ. ಸಂಕ್ರಾಂತಿಯ ಜನಜಂಗುಳಿಗೆ ಮೀನು ಮಡುವಿಗೆ ಇಳಿದಿತ್ತು. ಎತ್ತುಗಳು ದಣಿವಾರಿಸಿಕೊಂಡಿದ್ದವು, ಹೊರಡಬಹುದಿತ್ತು. ಬರಿಗೈಯಲ್ಲಿ ಹೋಗಿ ತಿರಕಪ್ಪನ ಮುಂದೆ, ಮಾಸುಮಬಿಯ ಮುಂದೆ ಹೇಗೆ ನಿಲ್ಲುವುದು ಎಂದು ಉಳಿದೆ. ಮಂಗಳವಾರ ಬೆಳಿಗ್ಗೆ ಗಾಳಕ್ಕೆ ಬಾಳೆಮೀನು ಬಿತ್ತು, ತೋಳಿನಷ್ಟು ಉದ್ದದ್ದು. ಹಸಿ ಗೋಣಿಯಲ್ಲಿ ಸುತ್ತಿ, ಪ್ರತಿ ಹಳ್ಳದಲ್ಲೂ ನೀರು ಚಿಮುಕಿಸುತ್ತ ಎತ್ತುಗಳನ್ನು ಓಡಿಸಿಕೊಂಡು ಬಂದೆ. ಹಾಡುತ್ತ ಬಂದೆ.

ಮುಂಡರಗಿ ದಾಟಿ ಸ್ವಲ್ಪ ದೂರ ಬಂದಿದ್ದೆ, ಹೊತ್ತು ಮುಳುಗುತ್ತಿತ್ತು. ಎದುರಿನಿಂದ ಒಂದು ಬಂಡಿ ಬರುತ್ತಿತ್ತು. ಗೌಡರ ಎತ್ತುಗಳೆಂದು ಗುರುತಾಯಿತು, ಹೊಡೆಯುತ್ತಿದ್ದವನು ತಿರಕಪ್ಪ. ನಾನು ಎದ್ದು ನಿಂತು, ಮೀನು ಸಿಕ್ಕೈತಿ ಎಂದು ಕೂಗಿದೆ. ಇದನ್ನು ಬರೆಯಬಾರದು ಎಂದಿದ್ದೆ.

ತಿರಕಪ್ಪ ಬಂಡಿ ನಿಲ್ಲಿಸಿದ. ಒಳಗೆ ಮಾಸುಮಬಿಯ ತೊಡೆಯ ಮೇಲೆ ಹನಮಂತವ್ವನ ತಲೆ ಇತ್ತು. ಪಕ್ಕದಲ್ಲಿ ಬಿಳಿ ಧೋತರದ ಸಣ್ಣ ಗಂಟು. ಬೆಳಿಗ್ಗೆ ಬಸ್ಸು ಹೋದ ಮೇಲೆ ನೋವು ಶುರುವಾಯಿತಂತೆ. ಕೂಸು ಅಡ್ಡ ತಿರುಗಿದೆ, ಮುಂಡರಗಿಯ ದವಾಖಾನೆಗೆ ಒಯ್ಯಬೇಕು ಎಂದು ಮಾಸುಮಬಿ ಆಗಲೇ ಹೇಳಿದಳಂತೆ. ಬಂಡಿ ಇರಲಿಲ್ಲ. ಊರಿನ ಬಂಡಿಗಳೆಲ್ಲ ಹೊಳೆಗೆ ಹೋಗಿದ್ದವು, ಇನ್ನೂ ಬಂದಿರಲಿಲ್ಲ. ಗೌಡರದ್ದು ಹೊಲದಿಂದ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ದಾರಿಯಲ್ಲೇ ಆಯಿತು.

ಹೆಣ್ಣು ಕೂಸು. ಉಸಿರಾಡಲಿಲ್ಲ. ಹನಮಂತವ್ವನ ಜೀವವನ್ನು ದವಾಖಾನೆಯಲ್ಲಿ ಉಳಿಸಿದರು.

ಮೀನು ಬಂಡಿಯಲ್ಲೇ ಇತ್ತು. ಯಾರು ಎಸೆದರೋ ಗೊತ್ತಿಲ್ಲ.

24 ಜನವರಿ, ಗುರುವಾರ

ಹನಮಂತವ್ವ ದವಾಖಾನೆಯಿಂದ ಮನೆಗೆ ಬಂದಳು. ಬೀಗತಿ ಕರಿಯವ್ವನೂ ಬಂದಿದ್ದಾಳೆ. ಅವಳು ಬೈದರೆ ಹೇಗೆ ಉತ್ತರ ಕೊಡಬೇಕು ಎಂದು ದಾರಿ ಉದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಬೈಯಲಿಲ್ಲ. ನೇರ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು, ನನ್ನ ತಟ್ಟೆಯನ್ನೂ ತೊಳೆದಿಟ್ಟಳು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹನಮಂತವ್ವನ ಎದೆಹಾಲು ಬತ್ತಲೆಂದು ಮಾಸುಮಬಿ ಎದೆಗೆ ಮಲ್ಲಿಗೆ ಹೂ ಕಟ್ಟಿದ್ದಾಳೆ. ಮನೆಯೆಲ್ಲ ಮದುವೆಮನೆಯ ವಾಸನೆ. ನಾನು ಕೆರೆಯ ದಂಡೆಗೆ ಹೋಗಿ ಕೂತೆ.

5 ಫೆಬ್ರುವರಿ, ಮಂಗಳವಾರ

ಮಗಳು ನನ್ನ ಕೂಡ ಮಾತಾಡುವುದಿಲ್ಲ. ಸಿಟ್ಟೂ ಇಲ್ಲ. ನೀರು ಕೊಟ್ಟರೆ ತೆಗೆದುಕೊಳ್ಳುತ್ತಾಳೆ, ಕೇಳಿದರೆ ಹೂಂ ಎನ್ನುತ್ತಾಳೆ. ಊಟ ಅರ್ಧ ರೊಟ್ಟಿ.

17 ಫೆಬ್ರುವರಿ, ರವಿವಾರ

ಬಿಸಿಲು ಏರಿದೆ, ಕೆರೆ ಇಳಿದಿದೆ. ದಂಡೆಯ ಗುಂಡಿಗಳಲ್ಲಿ ನೀರು ನಿಂತು ತಿಳಿಯಾಗಿದೆ. ಇವತ್ತು ಬಲೆಗೆ ಒಂದು ದೊಡ್ಡ ಜಿಲೇಬಿ ಬಿತ್ತು. ಬಾಯಿ ಬಿಗಿದುಕೊಂಡಿತ್ತು, ಗದ್ದ ಊದಿತ್ತು. ಬೇರೆಲ್ಲ ಮೀನು ಬಾಯಿ ಬಾಯಿ ಬಿಡುತ್ತಿದ್ದವು, ಇದು ಬಿಡಲಿಲ್ಲ. ಯಾಕೋ ಅದನ್ನು ಬುಟ್ಟಿಗೆ ಹಾಕಲು ಮನಸ್ಸಾಗದೆ ಒಂದು ಗುಂಡಿಗೆ ಬಿಟ್ಟು ದಂಡೆಯ ಮೇಲೆ ಕೂತೆ.

ಬಹಳ ಹೊತ್ತು ಅದು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಆಮೇಲೆ ಬಾಯಿ ಸ್ವಲ್ಪ ತೆರೆಯಿತು. ಒಂದು ಮರಿ ಹೊರಗೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಒಂದು ಹಿಡಿ ಜೀರಿಗೆ ಚೆಲ್ಲಿದ ಹಾಗೆ ಎಲ್ಲ. ಅದರ ಮುಖದ ಸುತ್ತಲೇ ಆಡಿಕೊಂಡಿದ್ದವು. ನಾನು ಇನ್ನೂ ಹತ್ತಿರದಿಂದ ನೋಡೋಣ ಎಂದು ಬಗ್ಗಿದೆ. ನನ್ನ ನೆರಳು ನೀರಿನ ಮೇಲೆ ಬಿತ್ತು. ತಾಯಿ ಬಾಯಿ ತೆರೆಯಿತು, ಅಷ್ಟೂ ಮರಿಗಳು ತಾವಾಗಿಯೇ ಒಳಗೆ ಓಡಿದವು. ನಾನು ಹಿಂದೆ ಸರಿದೆ. ಮತ್ತೆ ಹೊರಗೆ ಬಂದವು.

ಅದು ನುಂಗುತ್ತಿರಲಿಲ್ಲ. ನಾನು ಬಗ್ಗಿದಾಗ ಮಾತ್ರ ಬಾಯಿ ತೆರೆಯುತ್ತಿತ್ತು.

ತಿರಕಪ್ಪನನ್ನು ಕರೆದು ತೋರಿಸಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಮರಿ ಬಾಯಲ್ಲಿರುವಷ್ಟು ದಿನ ಅದು ಏನೂ ತಿನ್ನುವುದಿಲ್ಲ, ಅದಕ್ಕೇ ತಲೆ ದೊಡ್ಡದಾಗಿ ಮೈ ಸೊರಗಿರುತ್ತದೆ, ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತು ಎಂದ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಬಲೆಯ ಗಂಟು ಬಿಡಿಸುತ್ತ, “ನಿನಗ ಹೇಳೂದು ಹೆಂಗಣ್ಣಾ?” ಎಂದ.

ಗುಂಡಿಯಿಂದ ಕೆರೆಗೆ ಕೈಯಲ್ಲಿ ದಾರಿ ಕೊರೆದು ತಾಯಿಯನ್ನು ಬಿಟ್ಟು ಬಂದೆ.

20 ಫೆಬ್ರುವರಿ, ಬುಧವಾರ

ಮೂರು ದಿನ ಮಾತು ಗಂಟಲಲ್ಲೇ ಇತ್ತು. ಇವತ್ತು ಕರಿಯವ್ವ ಕೆರೆಗೆ ಹೋದಾಗ ಹನಮಂತವ್ವನ ಪಕ್ಕ ಕೂತೆ. ನೀನು ಹೇಳಿದ್ದೇ ಖರೆ, ಅದು ನುಂಗುವುದಿಲ್ಲ, ನಾನು ಕಣ್ಣಾರೆ ಕಂಡೆ ಎಂದು ಹೇಳಿದೆ. ಆ ಮೀನನ್ನು ಅಂದೇ ಕೊಟ್ಟಿದ್ದರೆ ಹೊಳೆಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ ಎಂದೂ ಹೇಳಿದೆ. ಹೇಳುವಾಗ ಅತ್ತೆ. ದುರಗವ್ವ ಸತ್ತಾಗಲೂ ಇವಳ ಮುಂದೆ ಅತ್ತಿರಲಿಲ್ಲ.

ಅವಳು ಗೋಡೆ ನೋಡುತ್ತಿದ್ದಳು. “ನನಗ ಆವಾಗ ಮೀನ ಬ್ಯಾಡಾಗಿತ್ತಪ್ಪಾ” ಎಂದಳು. “ಅಂಜಿಕಿ ಬಂದಿತ್ತು. ನೀ ಮನ್ಯಾಗ ಇರಬೇಕಾಗಿತ್ತು.”

ಅಂಜಿಕೆ ಬಂದಿದೆ ಎಂದು ಅವಳು ಆಗ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿದ್ದೆನೇ ಎಂದು ಈಗ ನೆನಪು ಮಾಡಿಕೊಂಡರೆ, ಆ ತಿಂಗಳುಗಳಲ್ಲಿ ಅವಳು ಆಡಿದ ಮಾತುಗಳನ್ನು ಒಂದು ಕೈಯಲ್ಲಿ ಎಣಿಸಬಹುದು.

ಏನು ಉಣ್ಣುತ್ತೀ ಎಂದು ಕೇಳಿದೆ. ನಾನೇ ತೀರ್ಮಾನಿಸದೆ ಕಾದೆ. ಜಿಲೇಬಿ ಮೀನು ಎಂದಳು.

ಸಂಜೆ ಬಲೆ ಬೀಸಿದೆ. ಬಾಯಿ ಬಿಗಿದವನ್ನು ಬಿಟ್ಟು, ಉಳಿದವುಗಳಲ್ಲಿ ದಪ್ಪವಾದವನ್ನು ಆರಿಸಿದೆ. ಈಳಿಗೆಯಲ್ಲಿ ಹುರುಪೆ ಕೆರೆದು, ಬೂದಿ ಹಚ್ಚಿ ತೊಳೆದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದು ಹಚ್ಚಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹಂಚಿಗೆ ಹಾಕಿದೆ. ಕರಿಯವ್ವ ಮಾಡುತ್ತೇನೆ ಎಂದಳು, ಕೈ ಮುಗಿದು ಇವತ್ತೊಂದು ದಿನ ಬಿಡಿ ಎಂದೆ. ಹನಮಂತವ್ವ ಬೆನ್ನಿನ ಮುಳ್ಳನ್ನು ಒಮ್ಮೆಗೇ ಎಳೆದು ತಟ್ಟೆಯ ಅಂಚಿಗಿಟ್ಟು ಉಂಡಳು. ಎರಡು ರೊಟ್ಟಿ ಹೋಯಿತು. ನನಗೂ ಒಂದು ತುಂಡು ಮುರಿದು ಕೊಟ್ಟಳು. ಮೊದಲ ಸಲ ಬಾಯಿಗಿಟ್ಟೆ. ಸಿಹಿಯಾಗಿತ್ತು, ಮೆತ್ತಗಿತ್ತು.

3 ಮಾರ್ಚ್, ರವಿವಾರ

ಹನಮಂತವ್ವ ಇವತ್ತು ಬೆಟಗೇರಿಗೆ ಹೋದಳು. ಯಮನೂರಪ್ಪ ಕರೆಯಲು ಬಂದಿದ್ದ. ಮೊದಲೇ ಊರಿನಲ್ಲೆಲ್ಲ ಚುನಾವಣೆಯ ಗದ್ದಲ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕರಿಯವ್ವ ಸೆರಗು ಹಾಸಿ ಸೊಸೆಗೆ ಕಿಟಕಿಯ ಪಕ್ಕ ಜಾಗ ಹಿಡಿದಳು. ಬೀಗತಿಗೆ ನಾನು ಒಂದೇ ಮಾತು ಹೇಳಿದೆ, ನೀವು ಹೇಳಿದಂತೆ ನಡೆಯಬೇಕಿತ್ತು ಎಂದು. ಅವಳು, “ಅದನ್ನ ಈಗ ಬಿಡ್ರಿ ಅಣ್ಣಾರ” ಎಂದಳು.

ಕಿಟಕಿಯ ಕೆಳಗೆ ನಿಂತಿದ್ದೆ. ಮುಂದಿನ ಸಲ ದೇವರು ಕಣ್ಣು ತೆರೆದರೆ ಹೆರಿಗೆ ಅಲ್ಲೇ ಮಾಡಿಕೊಳ್ಳುತ್ತೇನೆ ಎಂದು ಹನಮಂತವ್ವ ಹೇಳಿದಳು. ಆಗಲಿ ಎಂದೆ. ನಾನು ಬರಬಹುದೇ ಎಂದು ಕೇಳಿದೆ. ಹೂಂ ಎಂದು ತಲೆಯಾಡಿಸಿದಳು. ಬರುವಾಗ ಏನು ತರಲಿ ಎಂದು ಕೇಳಿದೆ. ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆಯ ಪಟಕದ ಚುಂಗು ಸರಿ ಮಾಡಿದಳು.

“ಏನೂ ತರಬ್ಯಾಡ. ಬರಿಗೈಲೆ ಬಾ. ಜಲ್ದಿ ಬಾ.”

ಬಸ್ಸು ಕೆರೆಯ ಏರಿ ದಾಟುವವರೆಗೆ ನಿಂತಿದ್ದೆ. ಸಂಕ್ರಾಂತಿಯ ದಿನ ಬರಿಗೈಯಲ್ಲಿ ಹೊರಟಿದ್ದರೆ ಮಂಗಳವಾರ ಬೆಳಿಗ್ಗೆ ಬಂಡಿ ಮನೆಯ ಮುಂದೆ ಇರುತ್ತಿತ್ತು.